ಬೇಕೆಂದೇ ಅಪಶ್ರುತಿ

ಮಳೆಗಾಲ ಮುಗಿಯುವ ಹೊತ್ತಿಗೆ ಶಿರಸಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರ ಮುಂದೆ ಪೆಟ್ಟಿಗೆಗಳು ಸಾಲುಗಟ್ಟುತ್ತವೆ. ಮರ ಉಬ್ಬಿ ಬೆರಳಿಂದ ಒತ್ತುವ ಮನೆ ಕಚ್ಚಿಕೊಂಡಿದೆ, ತಿದಿ ಗಾಳಿ ಬಿಡುತ್ತಿದೆ ಎಂದರೆ ಒಪ್ಪೋಣ. ನಡುವೆ ಒಬ್ಬ ಬಂದು, "ಎಲ್ಲಾ ಸರಿ ಇದ್ದು ಮಾರಾಯಾ, ಸ್ವರ ಮಾತ್ರ ಸಪ್ಪೆ. ಚೂರು ನಡುಗೋ ಹಂಗೆ ಮಾಡ್ಕೊಡಾ" ಎನ್ನುತ್ತಾನೆ. ಶ್ರುತಿ ಕೂಡಿಸುವುದಕ್ಕೆ ಒಂದು ಕೂಲಿಯಾದರೆ ಕೆಡಿಸುವುದಕ್ಕೆ ಎರಡು ಕೂಲಿ ಕೇಳಬೇಕು, ಹಾಗಿದೆ ಆ ಕೆಲಸ.

ರೀಡೆಂದರೆ ಗಾಳಿಗೆ ನಡುಗಿ ಸ್ವರ ಕೊಡುವ ಹಿತ್ತಾಳೆ ನಾಲಿಗೆ; ಜೋಡಿ ರೀಡಿನ ಪೆಟ್ಟಿಗೆಯಲ್ಲಿ ಪ್ರತಿ ಸ್ವರಕ್ಕೂ ಎರಡೆರಡು. ಅದರ ಒಂದು ಸಾಲನ್ನು ಮೊದಲು ಸರಿಯಾಗಿ ಕೂಡಿಸಿಟ್ಟು, ಎರಡನೆಯದನ್ನು ಅದಕ್ಕಿಂತ ಕೂದಲೆಳೆಯಷ್ಟು ಏರಿಸಬೇಕು. ಹಿತ್ತಾಳೆ ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ರಿವಿಟ್ಟಿನ ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಂದು 440, ಇನ್ನೊಂದು 442 ಹರ್ಟ್ಸ್ ಆದರೆ ಸೆಕೆಂಡಿಗೆ ಎರಡು ಅಲೆ, ಅಂದರೆ ದನಿ ಎರಡು ಸಲ ಏರಿಳಿಯುತ್ತದೆ; ಆ ನಡುಕ ಇದೇ. ಅದೇ ಪ್ರಮಾಣವನ್ನು ಎಲ್ಲ ಕಡೆ ಇಟ್ಟರೆ ಕೆಳಗೆ 220ರಲ್ಲಿ ಒಂದೇ ಅಲೆ, ಮೇಲೆ 880ರಲ್ಲಿ ನಾಲ್ಕು: ತಾರಸ್ಥಾಯಿ ಚಳಿಜ್ವರದವನ ಹಲ್ಲಿನಂತೆ ಕಟಕಟಿಸುತ್ತದೆ. ಹಾಗಾಗಿ ಮೇಲೆ ಹೋದಂತೆಲ್ಲ ಆ ಪ್ರಮಾಣ ಕಿರಿದಾಗುತ್ತ ಬರಬೇಕು. ರೀಡನ್ನು ಹೊರಗೆ ಊದಿ ನೋಡಿ ನಂಬುವಂತಿಲ್ಲ, ಪೆಟ್ಟಿಗೆಯೊಳಗೆ ಅದು ಬೇರೆಯೇ ಮಾತಾಡುತ್ತದೆ. ಅತಿಯಾಗಿ ಕೆರೆದ ನಾಲಿಗೆ ಒಂದು ದಿನ ಭಜನೆಯ ನಡುವೆ ತಟಕ್ಕನೆ ಮುರಿಯುತ್ತದೆ.

ಅಷ್ಟಕ್ಕೂ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದಾಗಲೇ ಗಾಂಧಾರ ತನ್ನ ಸಹಜ ಸ್ಥಾನಕ್ಕಿಂತ 14 ಸೆಂಟ್ ಮೇಲೆ ಕೂತಿದೆ (ಆ ಒಂದೊಂದು ಪಾಲೂ ನೂರು ಸೆಂಟ್). ಗಮಕ ಬಾರದು, ಶ್ರುತಿ ಹೊಂದದು ಎಂದು ಆಕಾಶವಾಣಿ 1940ರಲ್ಲಿ ಹೊರಹಾಕಿದ ವಾದ್ಯ ಇದು. ಆ ಬಿಗಿ ಸಡಿಲವಾಗಿದ್ದು 1971ರಲ್ಲಿ. ಈಗ ಅದನ್ನೇ ಇನ್ನಷ್ಟು ಕೆಡಿಸಿಕೊಡಬೇಕಂತೆ.

ಆದರೆ ಬುಲೆಟ್ ಬೈಕಿನವರ ಎದುರು ಈತ ಸಾಧು. ಹಳೆಯ ಬೀಡುಕಬ್ಬಿಣದ ಎಂಜಿನ್ನಿನ 350 ಎಂದರೆ 70 ಮಿ.ಮೀ. ಬೋರು (ಸಿಲಿಂಡರಿನ ಅಗಲ), 90 ಮಿ.ಮೀ. ಸ್ಟ್ರೋಕು (ಪಿಸ್ಟನ್ನಿನ ಓಟ), ಭಾರದ ಫ್ಲೈವೀಲು. ಎಷ್ಟು ನಿಧಾನಕ್ಕಿಳಿಸಿದರೂ ಪಾಪ ಆರುವುದಿಲ್ಲ. ಆ ಒಳ್ಳೆಯ ಗುಣವೇ ಮುಳುವಾಯಿತು. ಕಿಡಿ ಯಾವಾಗ ಹಾರಬೇಕೆಂದು ತೆರೆದು ಮುಚ್ಚುವ ಪಾಯಿಂಟಿನ ಅಂತರ 0.35ರಿಂದ 0.40 ಮಿ.ಮೀ. ಇಟ್ಟು, ಪಿಸ್ಟನ್ ತುದಿ ಮುಟ್ಟಲು 0.8 ಮಿ.ಮೀ. ಇರುವಾಗ ಪಾಯಿಂಟ್ ಬಿಡಿಸಿಕೊಳ್ಳಬೇಕು. ನಡುವೆ ಸಿಗರೇಟಿನ ಕಾಗದ ಸಿಕ್ಕಿಸಿ, ಅದು ಸಡಿಲವಾಗುವ ಗಳಿಗೆ ನೋಡಿದರೆ ಆಯಿತು. ಅಷ್ಟು ಸುಲಭದ ಕೆಲಸ ಬಿಟ್ಟು, ಸದ್ದು ನಿಧಾನವಾಗಲಿ ಎಂದು ಪಾಯಿಂಟಿನ ಪ್ಲೇಟನ್ನು ಕಿಡಿ ತಡವಾಗುವಂತೆ ಹಿಂದಕ್ಕೆ ತಿರುಗಿಸಿ, ಐಡ್ಲಿಂಗ್ ಸ್ಕ್ರೂ ಸಡಿಲಿಸಿ, ಸೈಲೆನ್ಸರಿನ ಕರುಳು ಕಿತ್ತು ಬರುತ್ತಾರೆ. ಡುಗ್... ಡುಗ್... ಮುಂದಿನದು ಬರುತ್ತದೋ ಇಲ್ಲವೋ ಎಂದು ದೇವಿಕೆರೆ ಹತ್ತಿರ ನಿಂತವರಿಗೆಲ್ಲ ಎದೆ ನೋವು. ಆಯಿಲ್ ಪಂಪು ತಿರುಗುವುದೂ ಅದೇ ಎಂಜಿನ್ನಿನಿಂದ, ಅದೂ ಅಷ್ಟೇ ನಿಧಾನ. ಮೇಲೆ ವಾಲ್ವ್ ಒತ್ತುವ ರಾಕರಿಗೆ ಎಣ್ಣೆ ಏರಬೇಡವೇ? ದೀಪ ಹಾಕಿದರೆ ಬ್ಯಾಟರಿ ಬರಿದಾಗುತ್ತ ಆಮೀಟರಿನ ಮುಳ್ಳು ಮೈನಸ್ಸಿಗೆ ಬೀಳುತ್ತದೆ. ತಡವಾಗಿ ಹೊತ್ತಿದ ಬೆಂಕಿ ಹೊಗೆ ಹೋಗುವ ಬೆಂಡ್ ಪೈಪಿಗೆ ಹೋಗಿ ಪೈಪು ನೀಲಿಗಟ್ಟುತ್ತದೆ, ಅದನ್ನೂ ಚೆಂದ ಎನ್ನುತ್ತಾರೆ. ಕುಮಟೆಯಿಂದ ಇಬ್ಬರು ಕೂತು ದೇವಿಮನೆ ಘಾಟಿ ಹತ್ತಿದರೆ ಅರ್ಧದಲ್ಲೇ ಗಾಡಿಗೆ ಏದುಸಿರು. ಮೇಲೆ ಬಂದು ಬೈಯುವುದು ಪೆಟ್ರೋಲಿಗೆ. ಕಿಡಿಯ ಟೈಮಿಂಗ್ ಎಷ್ಟಕ್ಕಿಟ್ಟಿದ್ದು ಅಂದರೆ, "ಕಿವಿಯಲ್ಲೇ ನೋಡಿ ಇಟ್ಟಿದ್ದು!"

ಬೇಕೆಂದೇ ಕೆಡಿಸುವವರಲ್ಲಿ ರೇಡಿಯೋ ಕೇಳುತ್ತಿದ್ದವರನ್ನು ಮಾತ್ರ ಕ್ಷಮಿಸಬಹುದು. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಮೇಲೆ ಮುಳ್ಳು ನೆಟ್ಟಗೆ ನಿಂತರೆ ರಾತ್ರಿ 9 ಕಿಲೋಹರ್ಟ್ಸ್ ಆಚೆಯ ಯಾವುದೋ ಕೇಂದ್ರ ಸಿಳ್ಳೆ ಹಾಕುತ್ತಿತ್ತು. ಗುಂಡಿಯನ್ನು ಅದರಿಂದ ತುಸು ಈಚೆ ತಂದರೆ ಸಿಳ್ಳೆ ತಗ್ಗಿ, ವಾರ್ತೆ ಓದುವವರ 'ಸ' 'ಶ' ಹರಿತವಾಗಿ ಬರುತ್ತಿತ್ತು. ಅಲ್ಲಿ ಕೆಡಿಸಿದ್ದು ಕೇಳಿಸಲಿ ಎಂದು.

ಹಾರ್ಮೋನಿಯಂ ತಂದವನು ಇನ್ನೂ ಕೂತಿದ್ದಾನೆ. ಎರಡು ಅಲೆ ಸಾಲದಂತೆ, ಮೂರು ಬೇಕಂತೆ.