ಪಟ್ಟೆ ಬಳಿದ ಮಾತ್ರಕ್ಕೆ ಯೆಂಕೋ ಆಗುವುದಿಲ್ಲ

ನಿನ್ನೆ ಪಿಟ್ಸ್‌ಬರ್ಗ್ ಬಳಿಯ ಹಳೆಯ ಕಾರುಗಳ ಮೇಳದಿಂದ ಮನೆಗೆ ಬಂದವನಿಗೆ ರಾತ್ರಿಯ ಊಟ ರುಚಿಸಲಿಲ್ಲ. ನನ್ನ ಷೆವರ್ಲೆ ಹುಚ್ಚು ನಿಮಗೆಲ್ಲ ಗೊತ್ತಿರುವುದೇ. ಸಾಲಿನ ಕೊನೆಯಲ್ಲಿ 1969ರ ಕಿತ್ತಳೆ ಬಣ್ಣದ ಕ್ಯಾಮರೋ ನಿಂತಿತ್ತು. ಪಕ್ಕಕ್ಕೆ ಯೆಂಕೋ ಪಟ್ಟೆ, ಅಂದರೆ ದೊಡ್ಡ ಎಂಜಿನ್ನಿನ ಕ್ಯಾಮರೋ ಮಾರುತ್ತಿದ್ದ ಡೀಲರ್ ಯೆಂಕೋನ ಗುರುತು; ಸೀಟಿನ ತಲೆದಿಂಬಿನ ಮೇಲೆ ಅವರದೇ ಗುರುತಾದ 'ಎಸ್‌ವೈಸಿ', ಫೆಂಡರ್ ಮೇಲೆ ಎಂಜಿನ್ನಿನ ಗಾತ್ರವನ್ನು ಘನ ಇಂಚಿನಲ್ಲಿ ಹೇಳುವ '427'. ಎದೆ ಹೊಡೆದುಕೊಂಡಿತು. ಹತ್ತಿರ ಹೋಗಿ ವಿಚಾರಿಸಿದೆ. ಪಟ್ಟೆ ಹೋದ ವರ್ಷ ಹಾಕಿಸಿದ್ದಂತೆ, ಒಳಗಿರುವುದು 350 ಎಂಜಿನ್ ಅಂತೆ. ಆದರೂ ಮುಂದಿಟ್ಟ ಫಲಕದಲ್ಲಿ 'ಯೆಂಕೋ' ಎಂದೇ ಬರೆದಿತ್ತು. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ನನಗೆ ಸಿಟ್ಟು ಬಂದದ್ದು ಆ ಫಲಕಕ್ಕೆ.

ಕ್ಯಾಮರೋಗೆ 400 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂದು ಷೆವರ್ಲೆಯ ಒಡೆಯ ಸಂಸ್ಥೆ ಜನರಲ್ ಮೋಟಾರ್ಸ್ ಕಟ್ಟಪ್ಪಣೆ ಮಾಡಿದ್ದ ಕಾಲವದು. ಇಲ್ಲೇ ಹತ್ತಿರದ ಕ್ಯಾನನ್ಸ್‌ಬರ್ಗ್‌ನಲ್ಲಿ ಷೆವರ್ಲೆ ಮಾರುತ್ತಿದ್ದ ಡಾನ್ ಯೆಂಕೋ, 1967ರಲ್ಲಿ ಕಾರಿನ 396 ಎಂಜಿನ್ ಇಳಿಸಿ 427 ಕೂರಿಸಿ ಮಾರತೊಡಗಿದರು. 1969ರ ಹೊತ್ತಿಗೆ 'ಕೋಪೋ' ಎಂಬ ವಿಶೇಷ ಆರ್ಡರ್‌ನ ದಾರಿಯಲ್ಲಿ, 9561 ಎಂಬ ಸಂಖ್ಯೆ ಬರೆದು, ಕಾರ್ಖಾನೆಯಿಂದಲೇ 427 ಹಾಕಿಸಿಕೊಂಡರು. ಆ ಕಾರುಗಳು ಕಾರ್ಖಾನೆ ಬಿಡುವಾಗ ಮೈಮೇಲೆ ಎಂಜಿನ್ನಿನ ಅಂಕಿ ಇರುತ್ತಿರಲಿಲ್ಲ. ಚಾಸಿ ಸಂಖ್ಯೆಯೂ ಎಂಟು ಸಿಲಿಂಡರ್ ಎಂದಷ್ಟೇ ಹೇಳುತ್ತದೆ, ಯಾವ ಎಂಟು ಎಂದು ಹೇಳುವುದಿಲ್ಲ. ಬಾನೆಟ್ಟಿನ ಕೆಳಗೆ ಏನಿದೆ ಎಂದು ರಸ್ತೆಗೆ ಸಾರುತ್ತಿದ್ದುದು ಯೆಂಕೋ ಅಂಗಡಿಯಲ್ಲಿ ಕೂರಿಸಿದ ಆ ಬ್ಯಾಡ್ಜ್, ಆ ಪಟ್ಟೆ. ಅದೊಂದು ಸಾಕ್ಷಿ. ಸುಳ್ಳು ಸಾಕ್ಷಿ ಹೇಳಿಸಬಾರದು.

"ಡೀಲರ್ ಅಂಟಿಸಿದ್ದೂ ಸ್ಟಿಕ್ಕರ್ ತಾನೇ, ಈ ಮಾಲೀಕನ ಕಾರು, ಅವನ ದುಡ್ಡು" ಎಂದು ಜೊತೆಗಿದ್ದ ಗೆಳೆಯರು ವಾದಿಸಿದರು. ಒಪ್ಪಲಾರೆ. ಮಿಷಿಗನ್‌ನ ರಾಯಲ್ ಪಾಂಟಿಯಾಕ್ ಅಂಗಡಿಯನ್ನೇ ನೋಡಿ. ಬಾನವಿಲ್, ಕ್ಯಾಟಲಿನಾ ಎಂಬ ಪಾಂಟಿಯಾಕ್ ಕಾರುಗಳ ಮೇಲಿನ ಲೋಹದ ಹೆಸರುಗಳಿಂದ ಅಕ್ಷರ ಆಯ್ದು 'ಬಾಬ್‌ಕ್ಯಾಟ್' ಎಂದು ಜೋಡಿಸಿದರು. ಎಷ್ಟು ಮುದ್ದಾದ ಕೆಲಸ! ಆದರೆ ಅಕ್ಷರ ಜೋಡಿಸಿ ಕೈಕಟ್ಟಿ ಕುಳಿತವರಲ್ಲ. ಎಂಜಿನ್ನಿನ ಬಲ ಹೆಚ್ಚಲೆಂದು ತೆಳು ಹೆಡ್ ಗ್ಯಾಸ್ಕೆಟ್ ಹಾಕಿದರು, ಕಾರ್ಬುರೇಟರ್ ಜೆಟ್ ಬದಲಿಸಿದರು, ಟೈಮಿಂಗ್ ತಿದ್ದಿದರು. ಕೆಲಸ ಆಗಿದೆ ಎಂಬುದಕ್ಕೆ ಹೆಸರು ಗುರುತಾಗಿತ್ತು. ಪ್ರೀತಿಯಿಂದ ಪಟ್ಟೆ ಬಳಿದುಕೊಳ್ಳಲಿ, ನನ್ನ ತಕರಾರಿಲ್ಲ. ಫಲಕದಲ್ಲಿ 'ಯೆಂಕೋ ಮಾದರಿಯಲ್ಲಿ ಸಿಂಗರಿಸಿದ್ದು' ಎಂದು ಬರೆಯಲಿ. ಎರಡು ಪದ ಹೆಚ್ಚು ಬರೆದರೆ ಸಾಕಿತ್ತು. 1969ರ ಯೆಂಕೋ ಕ್ಯಾಮರೋಗಳು ಸುಮಾರು ಇನ್ನೂರು ಮಾತ್ರ. ಅಷ್ಟು ಕಡಿಮೆ ಇರುವುದಕ್ಕೇ ಈ ಹೆಸರಿನ ಆಸೆ, ಅದಕ್ಕೇ ನಿಜವಾದವುಗಳನ್ನೂ ಈಗ ಅನುಮಾನದಿಂದ ನೋಡಬೇಕಾಗಿದೆ.

ಇಷ್ಟು ಸಿಟ್ಟೇಕೆ ಎಂದು ಹೆಂಡತಿ ಕೇಳಿದಳು. ಅವಳಿಗೂ ಹೇಳದಿದ್ದ ಮಾತೊಂದಿದೆ. ನನ್ನ 1968ರ ಕ್ಯಾಮರೋ ಕೊಂಡ ಹೊಸದರಲ್ಲಿ ನಾನೂ ಫೆಂಡರ್ ಕೊರೆದು '427' ಕೂರಿಸಿದ್ದೆ. ಒಳಗಿದ್ದದ್ದು 327. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಮುದುಕರು ಆ ಅಂಕಿಯನ್ನು ಬೆರಳಿನಿಂದ ಸವರಿ, ಬಾನೆಟ್ ತೆಗೆದು ತೋರಿಸುತ್ತೀಯಾ ಎಂದು ಕೇಳಿದರು. ತೋರಿಸಿದೆ. ಅವರು ಏನೂ ಅನ್ನಲಿಲ್ಲ, ಮೆಲ್ಲನೆ ಮುಚ್ಚಿ ಹೊರಟರು. ಅಂದೇ ಸಂಜೆ ಬ್ಯಾಡ್ಜ್ ಕಿತ್ತೆ. ತೂತುಗಳನ್ನು ಮುಚ್ಚಿಸಿ ಬಣ್ಣ ಬಳಿಸಿದ್ದೇನೆ, ಆದರೂ ಬಿಸಿಲು ಓರೆಯಾಗಿ ಬಿದ್ದಾಗ ಅವು ಎಲ್ಲಿದ್ದವು ಎಂದು ಕಾಣುತ್ತದೆ.