ಮೀನಿಗೆ ಕಡತ ಓದಲು ಬರುವುದಿಲ್ಲ

ಈ ಮೀನುಗಳಿಗೆ ಸ್ವಲ್ಪವೂ ಶಿಸ್ತಿಲ್ಲ. ಸಮುದ್ರ ಬಿಸಿಯಾಗುತ್ತಿದೆ, ಮೀನುಗಾರಿಕೆ ಹೇಗೆ ಹೊಂದಿಕೊಳ್ಳಬೇಕು ಅಂತ ದೊಡ್ಡವರು ಕೂತು ಯೋಚಿಸುತ್ತಿದ್ದಾರೆ. ಕರಡು ಬರಬೇಕು, ಕರಡಿಗೆ ಟಿಪ್ಪಣಿ ಬರಬೇಕು, ಟಿಪ್ಪಣಿ ಓದಲು ಉಪಸಮಿತಿ ಆಗಬೇಕು. ಅಷ್ಟರೊಳಗೆ ಯಾರನ್ನೂ ಕೇಳದೆ ತಮಗೆ ಒಗ್ಗುವ ನೀರು ಹುಡುಕಿಕೊಂಡು ಹೊರಟುಬಿಡುವುದಾ?

ಈಶಾನ್ಯ ಅಟ್ಲಾಂಟಿಕ್‌ನ ಮ್ಯಾಕೆರೆಲ್ ಮಾಡಿದ್ದು ಇದನ್ನೇ. ಬಂಗುಡೆಯ ನೆಂಟ ಅನ್ನಿ. 2007ರ ಆಸುಪಾಸಿನಲ್ಲಿ ದಂಡುಗಟ್ಟಿ ಐಸ್‌ಲ್ಯಾಂಡ್ ಕಡೆ ಈಜಿತು. ಮನೆ ಬಾಗಿಲಿಗೆ ಬಂದದ್ದನ್ನು ಯಾರು ಬಿಡುತ್ತಾರೆ? ಐಸ್‌ಲ್ಯಾಂಡಿನವರು ವರ್ಷಕ್ಕೆ ಲಕ್ಷ ಟನ್‌ಗೂ ಜಾಸ್ತಿ ಹಿಡಿದರು. ‘ಅದು ಹಿಂದಿನಿಂದಲೂ ನಮ್ಮ ಮೀನು’ ಎಂದರು ನಾರ್ವೆ ಮತ್ತು ಯುರೋಪಿಯನ್ ಒಕ್ಕೂಟದವರು. ‘ಮೇಯ್ದು ಕೊಬ್ಬಿದ್ದು ನಮ್ಮ ನೀರಲ್ಲಿ’ ಎಂದಿತು ಐಸ್‌ಲ್ಯಾಂಡ್. ಕೊನೆಗೆ ಎಲ್ಲರೂ ತಮ್ಮ ತಮ್ಮ ಪಾಲನ್ನು ತಾವೇ ಬರೆದುಕೊಂಡರು. ಕೂಡಿಸಿ ನೋಡಿದರೆ ವಿಜ್ಞಾನಿಗಳು ಹಿಡಿಯಬಹುದು ಎಂದಿದ್ದಕ್ಕಿಂತ ಎಷ್ಟೋ ಹೆಚ್ಚು! ಸಂತತಿ ಬರಿದಾಗದಂತೆ ಹಿಡಿದ ಮೀನು ಅಂತ ಸಿಗುವ ‘ಸುಸ್ಥಿರ’ ಪ್ರಮಾಣಪತ್ರವೇ 2019ರಲ್ಲಿ ಅಮಾನತಾಯಿತು. ಮೀನೇನೋ ಹೊಸ ನೀರಿಗೆ ಹೊಂದಿಕೊಂಡಿತ್ತು. ಕೂಡಿಸುವ ಲೆಕ್ಕ ಮಾತ್ರ ಯಾರಿಗೂ ಹೊಂದಲಿಲ್ಲ.

ಏಡಿಗಳ ಕಥೆ ಇದಕ್ಕಿಂತ ಸೊಗಸು. ಅಮೆರಿಕದ ಅಲಾಸ್ಕಾ ಪಕ್ಕದ ಬೇರಿಂಗ್ ಸಮುದ್ರದಲ್ಲಿ 2018ರಿಂದ 2021ರೊಳಗೆ 1,000 ಕೋಟಿಗೂ ಹೆಚ್ಚು ಹಿಮ ಏಡಿಗಳು ಕಾಣೆಯಾದವು. ಬಿಸಿನೀರು ಅವುಗಳನ್ನು ನೇರವಾಗಿ ಬೇಯಿಸಲಿಲ್ಲ, ಹಸಿವನ್ನು ಹೆಚ್ಚಿಸಿತು. ಅಷ್ಟು ಹೊಟ್ಟೆಗೆ ಸಾಲುವಷ್ಟು ಆಹಾರ ಇರಲಿಲ್ಲ. ಉಪವಾಸ ಬಿದ್ದು ಸತ್ತವು ಅಂತಾರೆ ವಿಜ್ಞಾನಿಗಳು. ಸರಿ, ಸರ್ಕಾರಿ ಕಡತದಲ್ಲಿ ಏನು ಬರೆದರು ಗೊತ್ತಾ? ‘ಅತಿಯಾಗಿ ಹಿಡಿಯಲಾಗಿದೆ.’ ಅಮೆರಿಕದ ಕಾನೂನೇ ಹಾಗೆ. ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಸಾಕು, ಕಾರಣ ಏನೇ ಇರಲಿ, ಹೊಡೆಯುವ ಮುದ್ರೆ ಅದೊಂದೇ. ಸೆಕೆಗೆ ಪ್ರತ್ಯೇಕ ಮುದ್ರೆ ಮಾಡಿಸಿಲ್ಲ. ಮುದ್ರೆ ಬಿದ್ದ ಮರುವರ್ಷ, 2022ರಲ್ಲಿ, ಏಡಿ ಹಿಡಿಯುವುದನ್ನೇ ನಿಲ್ಲಿಸಿದರು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನೋಣವೆಂದರೆ, ಇಲ್ಲಿ ಕೊಳ್ಳೆ ಹೊಡೆದ ಸೂರ್ಯನಿಗೆ ನೋಟಿಸ್ ಅಂಟಿಸುವುದೆಲ್ಲಿ?

ಸಮುದ್ರದ ಗೊಡವೆ ಬೇಡ, ಸುಮ್ನೆ ಕೊಳ ತೋಡಿ ಸಾಕೋಣ ಅಂದರೆ ಅಲ್ಲಿಗೂ ಸೆಕೆ ಬಂದಿದೆ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಉಸಿರು ಮಾತ್ರ ಜಾಸ್ತಿ. ರಾತ್ರಿಯಿಡೀ ಪಾಚಿಯೂ ಅದೇ ಆಮ್ಲಜನಕಕ್ಕೆ ಕೈ ಹಾಕುತ್ತದೆ. ಹಾಗಾಗಿ ನಸುಕಿನ ಹೊತ್ತಿಗೆ ಕೊಳದಲ್ಲಿ ಆಮ್ಲಜನಕ ಖಾಲಿ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ.

ತಪಾಸಣೆಯ ತಂಡ ಬರುವುದು ಹನ್ನೊಂದು ಗಂಟೆಗೆ. ಕಚೇರಿ ತೆಗೆಯಬೇಕು, ಜೀಪು ಬರಬೇಕು, ಎಲ್ಲದಕ್ಕೂ ಒಂದು ಹೊತ್ತಿದೆ ಅಲ್ವಾ? ಅಷ್ಟರಲ್ಲಿ ಬಿಸಿಲೇರಿ ಪಾಚಿ ಮತ್ತೆ ಆಮ್ಲಜನಕ ಬಿಡಲು ಶುರುಮಾಡಿರುತ್ತದೆ. ಮೀಟರ್ ಅದ್ದುತ್ತಾರೆ. ಮುಳ್ಳು ಏರುತ್ತದೆ. ‘ಆಮ್ಲಜನಕ ಸಮರ್ಪಕ’ ಅಂತ ಬರೆದು ಸಾಕಣೆದಾರನ ಕಡೆ ಪೆನ್ನು ಚಾಚುತ್ತಾರೆ.

ಅವನು ಕೈಯಲ್ಲಿದ್ದ ಸತ್ತ ಮೀನಿನ ಬುಟ್ಟಿ ಕೆಳಗಿಟ್ಟು, ಅಂಗೈ ಒರೆಸಿಕೊಂಡು, ಸಹಿ ಹಾಕುತ್ತಾನೆ.