ದೂರದಲ್ಲಿದ್ದೂ ಜಗಳವಾಡುವವರು

ಬೆಂಗಳೂರಿನ ಕೆರೆಗಳ ಗತಿಯ ಬಗ್ಗೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಎರಡು ಮಾತು ಬರೆದೆ. ಚಿಕ್ಕಪ್ಪನ ಮಗ ಮುಖಕ್ಕೆ ಹೊಡೆದಂತೆ ಉತ್ತರಿಸಿದ: "ಅಣ್ಣ, ಬಿಟ್ಟು ಹೋದವನು ನೀನು. ನ್ಯೂಜೆರ್ಸಿಯಲ್ಲಿ ಕುಳಿತು ನಮಗೆ ಬುದ್ಧಿ ಹೇಳಬೇಡ." ಉಳಿದವರೆಲ್ಲ ಅದಕ್ಕೆ ಹೆಬ್ಬೆರಳು ಎತ್ತಿದರು.

ಅದೇ ವಾರ ಯಹೂದಿ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಶುಕ್ರವಾರದ ರಾತ್ರಿಯೂಟ. ದೀಪ ಹಚ್ಚಿ, ಹೆಣೆದ ಬ್ರೆಡ್ಡು ಹಂಚಿ, ಸೂಪು ಬರುವಷ್ಟರಲ್ಲಿ ಅಪ್ಪ ಮಗಳ ನಡುವೆ ಇಸ್ರೇಲ್ ಬಂದು ಕುಳಿತಿತ್ತು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸುಮಾರು 1,200 ಮಂದಿ ಸತ್ತು, 251 ಮಂದಿ ಒತ್ತೆಯಾಳುಗಳಾದ ಮೇಲೆ ಅಪ್ಪ ನವೆಂಬರ್ 14ರಂದು ವಾಷಿಂಗ್ಟನ್‌ನ ಇಸ್ರೇಲ್ ಬೆಂಬಲ ಸಭೆಗೆ ಹೋಗಿದ್ದರು. ಮಗಳು ಅದಕ್ಕೂ ಮೊದಲೇ, ಅಕ್ಟೋಬರ್ 27ರ ರಾತ್ರಿ, ಗಾಜಾದ ಮೇಲಿನ ದಾಳಿ ನಿಲ್ಲಲಿ ಎಂದು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ "ನಮ್ಮ ಹೆಸರಿನಲ್ಲಿ ಬೇಡ" ಎಂಬ ಕಪ್ಪು ಅಂಗಿ ತೊಟ್ಟು ಕುಳಿತಿದ್ದಳು. ಅವರು ಒತ್ತೆಯಾಳುಗಳ ಮಾತೆತ್ತಿದರೆ ಅವಳು ಗಾಜಾದಲ್ಲಿ ಸತ್ತ ಮಕ್ಕಳ ಮಾತೆತ್ತಿದಳು. ನೆತನ್ಯಾಹು ಹೆಸರು ಬಂದಾಗ ಮಾತ್ರ ಒಂದಾದರು. ಯುದ್ಧಕ್ಕೂ ಮುಂಚೆ, ಅವರ ಸರ್ಕಾರ ನ್ಯಾಯಾಂಗದ ಅಧಿಕಾರ ಮೊಟಕುಗೊಳಿಸಲು ಹೊರಟಾಗ, ಇಬ್ಬರೂ ನ್ಯೂಯಾರ್ಕಿನಲ್ಲಿ ಜೊತೆಯಾಗಿ ಘೋಷಣೆ ಕೂಗಿದವರಂತೆ.

"ನಿಮಗೆ ಅಲ್ಲಿ ಮತವಿಲ್ಲವಲ್ಲ" ಎಂದೆ.

"ಯಹೂದಿಗಳು ಇಸ್ರೇಲಿಗೆ ಬಂದು ನೆಲೆಸಬಹುದು ಎಂಬ 1950ರ ಕಾನೂನಿನಂತೆ ನಾನು ನಾಳೆಯೇ ಹೋಗಿ ಅಲ್ಲಿನ ಪ್ರಜೆಯಾಗಬಹುದು. ನನಗೆಂದು ಬಾಗಿಲು ತೆರೆದಿಟ್ಟ ಮನೆಯ ಬಗ್ಗೆ ನಾನೇಕೆ ಬಾಯಿ ಮುಚ್ಚಿಕೊಂಡಿರಲಿ?" ಎಂದರು ಅಪ್ಪ. ಮಗಳು ತಲೆಯಾಡಿಸಿದಳು.

ಅದೇ 1950ರಲ್ಲಿ ಇಸ್ರೇಲಿನ ಪ್ರಧಾನಿ ಬೆನ್-ಗುರಿಯನ್, ಅಮೆರಿಕದ ಯಹೂದಿ ಮುಖಂಡ ಜೇಕಬ್ ಬ್ಲಾಸ್ಟೀನ್ ಅವರಿಗೆ ಮಾತು ಕೊಟ್ಟಿದ್ದರು: ಅಮೆರಿಕದ ಯಹೂದಿಗಳ ನಿಷ್ಠೆ ಅಮೆರಿಕಕ್ಕೆ, ಇಸ್ರೇಲ್ ಅವರ ಪರವಾಗಿ ಮಾತನಾಡುವುದಿಲ್ಲ. ಕಾಗದದ ಮೇಲೆ ಚೆಂದ. 2024ರ ಮಾರ್ಚಿನಲ್ಲಿ ಯಹೂದಿ ಸೆನೆಟರ್ ಚಕ್ ಶೂಮರ್, ಇಸ್ರೇಲಿನಲ್ಲಿ ಹೊಸದಾಗಿ ಚುನಾವಣೆ ನಡೆಯಲಿ ಎಂದು ಅಮೆರಿಕದ ಸಂಸತ್ತಿನಲ್ಲೇ ಹೇಳಿದಾಗ ನೆತನ್ಯಾಹು ಅವರ ಲಿಕುಡ್ ಪಕ್ಷ ಸಿಡಿದೆದ್ದಿತು. ಥೇಟ್ ನಮ್ಮ ಚಿಕ್ಕಪ್ಪನ ಮಗನ ದನಿ.

ಇನ್ನು ನಮ್ಮ ಹೊರನಾಡ ಸಂಘಗಳು. ನವೆಂಬರ್ ಬಂದರೆ ನಾಡಗೀತೆ, ಹೋಳಿಗೆ, ಅಂತ್ಯಾಕ್ಷರಿ. ಊರಿನ ಕನ್ನಡ ಶಾಲೆಗಳಿಗೆ ಬೀಗ ಬೀಳುವ ವಿಷಯವಾಗಲಿ, ಕೆರೆಯ ನೊರೆಯಾಗಲಿ ನಮ್ಮ ವೇದಿಕೆ ಹತ್ತಿದ್ದನ್ನು ನಾನು ಕಂಡಿಲ್ಲ. ಊರಿಗೆ ನಮ್ಮ ದೇಣಿಗೆ ಬೇಕು, ಹೊಗಳಿಕೆ ಬೇಕು, ಮಾತು ಮಾತ್ರ ಬೇಡ. ನಮಗೂ ಅದೇ ಹಿತ. ಬೈದರೆ ಮುಂದಿನ ರಜೆಯಲ್ಲಿ ಯಾರ ಮನೆಯಲ್ಲಿ ಇಳಿದುಕೊಳ್ಳುವುದು?

ಆ ಯಹೂದಿ ಮನೆಯವರ ಜಗಳ ಪುಕ್ಕಟೆಯದಲ್ಲ, ಅದನ್ನೂ ಹೇಳಬೇಕು. ಇಸ್ರೇಲಿನ ಹೈಫಾದಲ್ಲಿರುವ ಸೋದರತ್ತೆ, ಮೊಮ್ಮಗ ಮೀಸಲು ಪಡೆಗೆ ಹೋದಂದಿನಿಂದ ಈ ಹುಡುಗಿಯೊಡನೆ ಮಾತು ಬಿಟ್ಟಿದ್ದಾರೆ. 2018ರಲ್ಲಿ ಪಿಟ್ಸ್‌ಬರ್ಗ್‌ನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ಅಂದರೆ ಸಿನಗಾಗ್‌ನಲ್ಲಿ, 11 ಮಂದಿಯನ್ನು ಗುಂಡಿಟ್ಟು ಕೊಂದ ಮೇಲೆ ಇವರ ಸಿನಗಾಗ್ ಬಾಗಿಲಲ್ಲೂ ಕಾವಲುಗಾರ ನಿಂತಿದ್ದಾನೆ. ಜೆರುಸಲೇಮಿನಲ್ಲಿ ಕೈಗೊಂಡ ತೀರ್ಮಾನಕ್ಕೆ ಇಲ್ಲಿ ಕಾಲೇಜಿಗೆ ಹೋಗುವ ಯಹೂದಿ ಹುಡುಗ ಉತ್ತರ ಕೊಡಬೇಕಾಗುತ್ತದೆ. ವಿಧಾನಸೌಧದ ತೀರ್ಮಾನಕ್ಕೆ ನನ್ನನ್ನು ಇಲ್ಲಿ ಯಾರೂ ತಡೆದು ಕೇಳಿಲ್ಲ. ಅವರಿಗೆ ಸುಮ್ಮನಿರುವ ಸೌಲಭ್ಯವೇ ಇಲ್ಲ.

ನಮಗಿದೆ, ಅದನ್ನು ಧಾರಾಳವಾಗಿ ಬಳಸಿಕೊಳ್ಳುತ್ತಿದ್ದೇವೆ. ಈ ಸಲದ ರಾಜ್ಯೋತ್ಸವದಲ್ಲಿ ಊರಿನ ಬಗ್ಗೆ ಒಂದು ಗಂಟೆ ಬಿಚ್ಚುಮಾತಿನ ಚರ್ಚೆ ಇಡೋಣ ಎಂದು ಸಂಘದವರಿಗೆ ಬರೆದಿದ್ದೇನೆ. ಊಟದ ಪಟ್ಟಿ ಅಂತಿಮವಾಗಲಿ, ಆಮೇಲೆ ನೋಡೋಣ ಎಂದಿದ್ದಾರೆ.